ಕಾಯಿಲೆ ಇರುವುದು ನಾಳದ ಗೋಡೆಯಲ್ಲಿ

2025ರ ಜುಲೈನಲ್ಲಿ ಬೆಂಗಳೂರು ಮತ್ತು ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಗಳ ಮುಂದೆ ನಸುಕಿನಿಂದಲೇ ಜನ ಸಾಲುಗಟ್ಟಿ ನಿಂತಿದ್ದರು. ಅವರಲ್ಲಿ ಬಹುತೇಕರಿಗೆ ಎದೆನೋವು ಇರಲಿಲ್ಲ, ಉಬ್ಬಸವೂ ಇರಲಿಲ್ಲ. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ, ಅದರಲ್ಲೂ ಹಲವು ಯುವಕರು, ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಅವರನ್ನು ಅಲ್ಲಿಗೆ ತಂದಿತ್ತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ನಿಧನರಾದಾಗಲೂ ಇದೇ ದೃಶ್ಯ ಕಂಡಿತ್ತು. ಹಾಸನದ ಸಾವುಗಳನ್ನು ಪರಿಶೀಲಿಸಲು ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ನೇಮಿಸಿದ ಸಮಿತಿ, ಹಿಂದಿನ ವರ್ಷಗಳಿಗೆ ಹೋಲಿಸಿದರೆ ಅಸಹಜ ಏರಿಕೆ ಏನೂ ಇಲ್ಲವೆಂದು ವರದಿ ಕೊಟ್ಟಿತು. ಸತ್ತವರಲ್ಲಿ ಹಲವರಿಗೆ ರಕ್ತದೊತ್ತಡ, ಮಧುಮೇಹ, ಧೂಮಪಾನದಂಥ ಪರಿಚಿತ ಕಾರಣಗಳಿದ್ದವು. ವರದಿ ಬಂದ ಮೇಲೆ ಸಾಲು ಕರಗಿತು. ಭಯ ಕರಗಿತೇ ಎಂಬುದು ಬೇರೆ ಮಾತು.

ಮೂವತ್ತು ವರ್ಷ ವೈದ್ಯ ವಿದ್ಯಾರ್ಥಿಗಳಿಗೆ ಅಂಗಕ್ರಿಯಾ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನಿಗೆ ಆ ಸಾಲನ್ನು ಟಿ.ವಿ.ಯಲ್ಲಿ ನೋಡುವಾಗ ಒಂದು ಸಂಗತಿ ಕಾಡುತ್ತಿತ್ತು. ಅಲ್ಲಿ ನಿಂತವರೆಲ್ಲ ತಮ್ಮ ಹೃದಯವನ್ನು ತೋರಿಸಲು ಬಂದಿದ್ದರು. ಆದರೆ ನಾವು ಹೃದಯಾಘಾತ ಎಂದು ಕರೆಯುವ ಕಾಯಿಲೆ ಶುರುವಾಗುವುದು ಹೃದಯದಲ್ಲಿ ಅಲ್ಲ, ರಕ್ತನಾಳದ ಗೋಡೆಯಲ್ಲಿ. ಇದು ಪದಗಳ ಜಗಳದಂತೆ ಕಾಣಬಹುದು. ಆದರೆ ಯಾವ ಪರೀಕ್ಷೆಗೆ ಹಣ ಕೊಡಬೇಕು, ಯಾವ ಮಾತ್ರೆಯನ್ನು ಬಿಡಬಾರದು, ಸರ್ಕಾರವನ್ನು ಏನು ಕೇಳಬೇಕು ಎಂಬುದೆಲ್ಲ ಈ ವ್ಯತ್ಯಾಸವನ್ನು ಗ್ರಹಿಸುವುದರ ಮೇಲೆಯೇ ನಿಂತಿದೆ.

ರಕ್ತ ದೇಹದಲ್ಲಿ ಸುತ್ತುತ್ತದೆ ಎಂಬುದನ್ನು ಇಂದು ಪ್ರಾಥಮಿಕ ಶಾಲೆಯ ಮಗು ಕೂಡ ಹೇಳುತ್ತದೆ. ಆದರೆ ಯುರೋಪಿನ ವೈದ್ಯಲೋಕ ಸುಮಾರು ಸಾವಿರದ ನಾನೂರು ವರ್ಷ ಗ್ಯಾಲನ್ ಹೇಳಿದ್ದನ್ನೇ ನಂಬಿತ್ತು: ಉಂಡ ಆಹಾರದಿಂದ ಯಕೃತ್ತು ರಕ್ತವನ್ನು ತಯಾರಿಸುತ್ತದೆ, ಅಂಗಾಂಗಗಳು ಅದನ್ನು ಹೀರಿ ಮುಗಿಸುತ್ತವೆ. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಈ ನಂಬಿಕೆಯನ್ನು ಕೆಡವಿದ್ದು ಸೂಕ್ಷ್ಮದರ್ಶಕದಿಂದಲ್ಲ, ಮನೆಯ ಲೆಕ್ಕದಿಂದ. ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ಹೊರದೂಡುತ್ತದೆ, ಅರ್ಧ ಗಂಟೆಯಲ್ಲಿ ಎಷ್ಟು ಸಲ ಬಡಿಯುತ್ತದೆ ಎಂದು ಅವನು ಗುಣಿಸಿದ. ಬೇಕೆಂದೇ ತೀರಾ ಕಡಿಮೆ ಅಂಕಿಗಳನ್ನು ಹಿಡಿದರೂ ಬಂದ ಮೊತ್ತ ಇಡೀ ದೇಹದಲ್ಲಿರುವ ರಕ್ತವನ್ನು ಮೀರಿತು. ಅಷ್ಟು ರಕ್ತವನ್ನು ಯಾವ ಊಟವೂ ಹುಟ್ಟಿಸಲಾರದು. ಅಂದಮೇಲೆ ಅದೇ ರಕ್ತ ಮರಳಿ ಬರುತ್ತಿರಲೇಬೇಕು.

ಇಂದಿನ ಅಂಕಿಗಳಲ್ಲಿ ಹೇಳುವುದಾದರೆ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 5 ಲೀಟರ್, ದಿನಕ್ಕೆ 7,000 ಲೀಟರ್‌ಗಳಷ್ಟು ರಕ್ತವನ್ನು ತಳ್ಳುತ್ತದೆ. ಬೇಸಿಗೆಯಲ್ಲಿ ಬೆಂಗಳೂರಿನ ಬಡಾವಣೆಗಳಿಗೆ ಬರುವ 6,000 ಲೀಟರ್‌ನ ನೀರಿನ ಟ್ಯಾಂಕರನ್ನು ನೆನೆದರೆ ಈ ಕೆಲಸದ ಅಗಾಧತೆ ಅರಿವಾದೀತು. ದೇಹದಲ್ಲಿ ಇರುವುದಾದರೋ ಬರೀ ಐದು ಲೀಟರ್ ರಕ್ತ. ವಿಶ್ರಾಂತಿಯಲ್ಲಿರುವಾಗ ಅಷ್ಟೂ ರಕ್ತ ಹೆಚ್ಚುಕಡಿಮೆ ನಿಮಿಷಕ್ಕೊಮ್ಮೆ ಸುತ್ತು ಮುಗಿಸುತ್ತದೆ.

ಅಪಧಮನಿಯಲ್ಲಿ ಹೋದ ರಕ್ತ ಅಭಿಧಮನಿಗೆ ದಾಟುವುದು ಎಲ್ಲಿ ಎಂಬುದನ್ನು ಮಾತ್ರ ಹಾರ್ವೆ ಕಾಣಲಿಲ್ಲ. ಅವನು 1657ರಲ್ಲಿ ತೀರಿಕೊಂಡ. ನಾಲ್ಕು ವರ್ಷಗಳ ನಂತರ ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಕಂಡ. ಅವುಗಳ ಒಳವ್ಯಾಸ ಒಂದು ಕೆಂಪು ರಕ್ತಕಣದಷ್ಟು, ಎಷ್ಟೋ ಕಡೆ ಅದಕ್ಕಿಂತಲೂ ಕಡಿಮೆ. ಕಣಗಳು ಮೈ ಬಾಗಿಸಿ ಒಂದರ ಹಿಂದೊಂದು ನುಸುಳಬೇಕು. ಆಮ್ಲಜನಕ, ಸಕ್ಕರೆ, ಕಸ ಎಲ್ಲದರ ಕೊಡುಕೊಳ್ಳುವಿಕೆ ನಡೆಯುವುದು ಈ ಇಕ್ಕಟ್ಟಿನಲ್ಲೇ. (ನಮ್ಮ ರಕ್ತನಾಳಗಳನ್ನು ಒಂದಕ್ಕೊಂದು ಜೋಡಿಸಿದರೆ ಒಂದು ಲಕ್ಷ ಕಿಲೋಮೀಟರ್ ಆಗಿ ಭೂಮಿಯನ್ನು ಎರಡು ಸಲ ಸುತ್ತುತ್ತವೆಂಬ ಮಾತನ್ನು ನಾನೂ ತರಗತಿಯಲ್ಲಿ ಬಹಳ ವರ್ಷ ಉತ್ಸಾಹದಿಂದ ಹೇಳಿದ್ದೇನೆ. ಅದು ಕಳೆದ ಶತಮಾನದ ಆರಂಭದಲ್ಲಿ ಡೆನ್ಮಾರ್ಕಿನ ಆಗಸ್ಟ್ ಕ್ರೋ ಹಾಕಿದ ಅಂದಾಜು. ಈಚಿನ ಲೆಕ್ಕಗಳು ಅದರ ಐದರಲ್ಲೊಂದು ಪಾಲನ್ನೂ ಒಪ್ಪುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳು ತಿದ್ದಿಕೊಳ್ಳಬೇಕು.) ಸುಶ್ರುತ ಸಂಹಿತೆಯಲ್ಲಿ 700 ಸಿರೆಗಳ ಎಣಿಕೆ ಇದೆ, ಅವುಗಳ ಮೂಲ ನಾಭಿ ಎಂಬ ವಿವರಣೆ ಇದೆ. ಆ ಕಾಲಕ್ಕೆ ಅದು ಗೌರವಿಸಬೇಕಾದ ನೋಟವೇ. ಅದನ್ನು ಎಳೆದು ತಂದು ಹಾರ್ವೆಗಿಂತ ಮೊದಲೇ ಎಲ್ಲ ಗೊತ್ತಿತ್ತು ಎಂದು ವಾದಿಸುವುದು ಸುಶ್ರುತನಿಗೂ ಮಾಡುವ ಅನ್ಯಾಯ.

ನಾಳವೆಂದೊಡನೆ ನಮ್ಮ ಕಣ್ಣಿಗೆ ಬರುವುದು ನೀರಿನ ಕೊಳಾಯಿ. ಎಲ್ಲ ಗೊಂದಲಕ್ಕೂ ಮೂಲ ಈ ಚಿತ್ರವೇ. ಕೊಳಾಯಿಗೆ ತನ್ನೊಳಗೆ ಹರಿಯುವುದೇನೆಂದು ತಿಳಿಯದು, ಅದು ಹಿಗ್ಗದು, ಕುಗ್ಗದು. ಅಪಧಮನಿ ಹಾಗಲ್ಲ. ಅದರ ಗೋಡೆಯಲ್ಲಿ ಸ್ನಾಯು ಇದೆ, ಹಿಗ್ಗುವ ನಾರು ಇದೆ, ಒಳಮೈಗೆ ಎಂಡೊಥೀಲಿಯಂ ಎಂಬ, ಒಂದೇ ಕೋಶದಷ್ಟು ದಪ್ಪದ ಜೀವಂತ ಹಾಸು ಇದೆ. ಹೃದಯ ಒಮ್ಮೆ ಕುಗ್ಗಿದಾಗ ಮಹಾಪಧಮನಿ ಉಬ್ಬಿ ಆ ಒತ್ತಡದ ಒಂದು ಪಾಲನ್ನು ತನ್ನಲ್ಲಿ ಇರಿಸಿಕೊಳ್ಳುತ್ತದೆ. ಹೃದಯ ಸಡಿಲಗೊಂಡಾಗ ಅದು ತಾನೇ ಕುಗ್ಗಿ ರಕ್ತವನ್ನು ಮುಂದಕ್ಕೆ ದೂಡುತ್ತದೆ. ಬಡಿತ ಬಿಟ್ಟುಬಿಟ್ಟು ಬಂದರೂ ಹರಿವು ನಿಲ್ಲದಿರುವುದು ಇದರಿಂದ. ವಯಸ್ಸಾದಂತೆ ಈ ಗೋಡೆ ಬಿಗಿಯಾಗುತ್ತದೆ. ಹಿರಿಯರಲ್ಲಿ ರಕ್ತದೊತ್ತಡದ ಮೇಲಿನ ಅಂಕಿ ಮಾತ್ರ ಏರುತ್ತ ಹೋಗುವುದಕ್ಕೆ ಇದೇ ಕಾರಣ.

ಇನ್ನು ಮುಂದೆ ಹೋದಂತೆ ಕವಲೊಡೆದು ಕಿರಿದಾಗುವ ಸಣ್ಣ ಅಪಧಮನಿಗಳು ದೇಹದ ನಲ್ಲಿಗಳು. ಊಟವಾದ ಮೇಲೆ ಜಠರ ಮತ್ತು ಕರುಳಿನ ನಲ್ಲಿಗಳು ಸಡಿಲವಾಗುತ್ತವೆ. ಬಸ್ಸು ಹಿಡಿಯಲು ಓಡಿದರೆ ಕಾಲಿನ ಸ್ನಾಯುಗಳ ನಲ್ಲಿಗಳು ತೆರೆದು ಕರುಳಿನವು ಬಿಗಿಯುತ್ತವೆ. ಈ ಏರ್ಪಾಡು ಎಷ್ಟು ಸೂಕ್ಷ್ಮ ಎನ್ನುವುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ವೈದ್ಯ ಪ್ವಾಸೇಯ್ ತೋರಿಸಿಕೊಟ್ಟ. ಒತ್ತಡ ಅಷ್ಟೇ ಇರುವಾಗ ನಾಳದ ತ್ರಿಜ್ಯವನ್ನು ಅರ್ಧಕ್ಕೆ ಇಳಿಸಿದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲೊಂದು ಪಾಲಾಗುತ್ತದೆ. ಅಂದರೆ ನಲ್ಲಿ ಕೂದಲೆಳೆಯಷ್ಟು ತಿರುಗಿದರೂ ಸಾಕು, ಒಂದು ಅಂಗಕ್ಕೆ ಹೋಗುವ ರಕ್ತದ ಪ್ರಮಾಣ ಬದಲಾಗುತ್ತದೆ. ದೇಹದ ಎಲ್ಲೆಡೆಯ ನಲ್ಲಿಗಳು ಸ್ವಲ್ಪ ಸ್ವಲ್ಪವೇ ಬಿಗಿಯಾಗಿ ಹಾಗೆಯೇ ನಿಂತುಬಿಟ್ಟರೆ ಹೃದಯ ಹೆಚ್ಚು ಒತ್ತಡದಿಂದ ತಳ್ಳಬೇಕಾಗುತ್ತದೆ. ನಾವು ಬಿ.ಪಿ. ಎನ್ನುವುದು ಬಹುಮಟ್ಟಿಗೆ ಇದನ್ನೇ. ಅದು ನೋಯುವುದಿಲ್ಲ, ತಲೆ ಸುತ್ತಿಸುವುದೂ ಅಪರೂಪ. ಅದೇ ಅದರ ಅಪಾಯ.

ಎಂಡೊಥೀಲಿಯಂ ಬಗ್ಗೆ ಇನ್ನೂ ಒಂದು ಮಾತು. 1980ರವರೆಗೆ ಅದನ್ನು ಗೋಡೆಗೆ ಅಂಟಿಸಿದ ಕಾಗದದಂತೆ ಕಾಣುತ್ತಿದ್ದರು. ಆ ವರ್ಷ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್, ಈ ಪದರ ಉಜ್ಜಿಹೋದ ನಾಳ ಸಡಿಲಗೊಳ್ಳಬೇಕಾದಲ್ಲಿ ಸಡಿಲಗೊಳ್ಳುವುದಿಲ್ಲ ಎಂದು ತೋರಿಸಿದರು. ಆ ಪದರ ಏನನ್ನೋ ಸ್ರವಿಸಿ ಪಕ್ಕದ ಸ್ನಾಯುವಿಗೆ ಸಡಿಲವಾಗು ಎಂದು ಸೂಚಿಸುತ್ತದೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಗೊತ್ತಾದದ್ದು ಆಮೇಲೆ. ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಎದೆನೋವು ಬಂದಾಗ ನಾಲಗೆಯಡಿ ಇಡುವ ಮಾತ್ರೆ ಕೆಲಸ ಮಾಡುವುದು ಇದೇ ಅನಿಲದ ಮೂಲಕ. ನೈಟ್ರೊಗ್ಲಿಸರಿನ್‌ನಿಂದ ಡೈನಮೈಟ್ ಮಾಡಿ ಸಿರಿವಂತನಾದ ಆಲ್‌ಫ್ರೆಡ್ ನೊಬೆಲ್‌ಗೆ ಕೊನೆಗಾಲದಲ್ಲಿ ವೈದ್ಯರು ಬರೆದುಕೊಟ್ಟದ್ದೂ ಅದನ್ನೇ! ನಡಿಗೆ ಒಳ್ಳೆಯದು ಎಂದು ವೈದ್ಯರು ಹೇಳಿದಾಗ ಅದು ಅಜ್ಜಿಯ ಬುದ್ಧಿವಾದದಂತೆ ಕೇಳಿಸಬಹುದು. ಆದರೆ ಕಾರಣ ಇಷ್ಟು ಸ್ಪಷ್ಟ: ಹರಿವು ಹೆಚ್ಚಿದಾಗ ರಕ್ತ ಒಳಪದರವನ್ನು ಸವರುವ ರಭಸ ಹೆಚ್ಚುತ್ತದೆ, ಆ ಸವರಿಕೆಗೆ ಪದರ ಈ ಅನಿಲವನ್ನು ಹೆಚ್ಚು ಸ್ರವಿಸುತ್ತದೆ. ತಂಬಾಕು ಮತ್ತು ಏರಿದ ಸಕ್ಕರೆ ಇದಕ್ಕೆ ತದ್ವಿರುದ್ಧವಾದುದನ್ನು ಮಾಡುತ್ತವೆ.

ಈ ಪದರ ಹಾಳಾದಲ್ಲಿ ಕೊಲೆಸ್ಟರಾಲ್ ಹೊತ್ತ ಕಣಗಳು ಗೋಡೆಯೊಳಕ್ಕೆ ನುಗ್ಗುತ್ತವೆ. ಅವನ್ನು ನುಂಗಲು ಬಂದ ಬಿಳಿಯ ರಕ್ತಕಣಗಳು ನುಂಗಿ ಅಲ್ಲೇ ಬೀಡುಬಿಡುತ್ತವೆ, ಸಾಯುತ್ತವೆ. ವರ್ಷಗಳ ಕಾಲ ಉರಿಯೂತ ಹೊಗೆಯಾಡುತ್ತದೆ. ಈ ಕಾಯಿಲೆ ಮುದುಕರದು ಎಂಬ ಭ್ರಮೆ 1953ರಲ್ಲೇ ಒಡೆಯಬೇಕಾಗಿತ್ತು. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಆಗ ಪರೀಕ್ಷಿಸಿದ್ದರು. ಸರಾಸರಿ ವಯಸ್ಸು 22. ಮುಕ್ಕಾಲು ಪಾಲಿಗೂ ಹೆಚ್ಚು ಮಂದಿಯ ಕರೊನರಿ ಅಪಧಮನಿಗಳಲ್ಲಿ ಕಾಯಿಲೆಯ ಗುರುತುಗಳಿದ್ದವು. ಹಾಸನದಲ್ಲಿ ಯುವಕನೊಬ್ಬ ಕುಸಿದುಬಿದ್ದರೆ ಅದು ‘ಇದ್ದಕ್ಕಿದ್ದಂತೆ’ ಬಂದದ್ದಲ್ಲ.

ಈಗ ಬ್ಲಾಕ್ ಎಂಬ ಪದಕ್ಕೆ ಬರೋಣ. ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ಇದ್ದಾರೆ. 2021ರ ಕೊನೆಯಲ್ಲಿ, ಎಲ್ಲರಂತೆ ಅವರೂ ಹೆದರಿ ಒಂದು ಖಾಸಗಿ ಆಸ್ಪತ್ರೆಯ ತಪಾಸಣೆ ಪ್ಯಾಕೇಜಿಗೆ ಹೋದರು. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಏನೋ ಕಂಡಿತು, ಆಂಜಿಯೊಗ್ರಾಂ ಆಯಿತು. ಒಂದು ನಾಳದಲ್ಲಿ ಶೇ 70ರ ಬ್ಲಾಕ್. ಅವರು ಮೇಜಿನ ಮೇಲೆ ಮಲಗಿರುವಾಗಲೇ ಹೊರಗಿದ್ದ ಹೆಂಡತಿ, ಮಗನ ಮುಂದೆ ಕಾಗದ ಬಂತು. ಅರ್ಧ ಗಂಟೆಯಲ್ಲಿ ಸಹಿ, ಒಂದು ಗಂಟೆಯಲ್ಲಿ ಸ್ಟೆಂಟ್. ಅವರಿಗೆ ಮೊದಲೂ ಎದೆನೋವು ಇರಲಿಲ್ಲ, ಆಮೇಲೂ ಇಲ್ಲ. ಎರಡು ವರ್ಷದ ನಂತರ ಒಂದು ಸಂಜೆ ಮನೆಗೆ ಬಂದಾಗ ಸುಮ್ಮನೆ ಬಿ.ಪಿ. ನೋಡಿದೆ. 172/104. ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದೆ. “ಬ್ಲಾಕನ್ನೇ ತೆಗೆಸಿದ ಮೇಲೆ ಮಾತ್ರೆ ಯಾಕೆ ಮೇಷ್ಟ್ರೇ? ಒಂದು ವರ್ಷ ತೊಗೊಂಡೆ, ಬಿಟ್ಟೆ” ಎಂದರು. ಕೊಳಾಯಿಯ ಚಿತ್ರ ಮಾಡಿದ ಅನಾಹುತ ಇದು. ಕಟ್ಟಿಕೊಂಡದ್ದನ್ನು ಬಿಡಿಸಿದ ಮೇಲೆ ಇನ್ನೇನು ಉಳಿದಿದೆ ಎಂಬ ತರ್ಕ ಕೊಳಾಯಿಗೆ ಸರಿ.

ಸ್ಟೆಂಟ್ ಕೆಟ್ಟದ್ದಲ್ಲ. 1977ರಲ್ಲಿ ಜ್ಯೂರಿಕ್‌ನಲ್ಲಿ ಗ್ರುಂಟ್ಸಿಗ್ ಕರೊನರಿ ನಾಳದೊಳಗೆ ಮೊದಲ ಸಲ ಬಲೂನು ಉಬ್ಬಿಸಿದಂದಿನಿಂದ ಈ ತಂತ್ರ ಅಸಂಖ್ಯ ಜೀವಗಳನ್ನು ಉಳಿಸಿದೆ. ಹೃದಯಾಘಾತ ನಡೆಯುತ್ತಿರುವಾಗ ಮುಚ್ಚಿದ ನಾಳವನ್ನು ತೆರೆಯುವುದಕ್ಕೆ ಸಮನಾದ ಚಿಕಿತ್ಸೆ ಇಲ್ಲ. ಪ್ರಶ್ನೆ ಇರುವುದು ಸ್ಥಿರವಾಗಿರುವ, ನೋವಿಲ್ಲದ ಅಥವಾ ಹತೋಟಿಯಲ್ಲಿರುವ ನೋವಿನ ಬ್ಲಾಕುಗಳ ಬಗ್ಗೆ. 2007ರಲ್ಲಿ ಪ್ರಕಟವಾದ ‘ಕರೇಜ್’ ಅಧ್ಯಯನ, 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನ ಎರಡೂ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವು. ಎರಡನೆಯದರಲ್ಲಿ ಭಾರತವೂ ಸೇರಿದಂತೆ 37 ದೇಶಗಳ 5,179 ರೋಗಿಗಳಿದ್ದರು. ಅರ್ಧ ಮಂದಿಗೆ ಒಳ್ಳೆಯ ಔಷಧೋಪಚಾರದ ಜತೆ ಆಂಜಿಯೊಗ್ರಾಂ ಮತ್ತು ಅಗತ್ಯವಿದ್ದಲ್ಲಿ ಸ್ಟೆಂಟ್ ಅಥವಾ ಬೈಪಾಸ್, ಉಳಿದವರಿಗೆ ಮೊದಲಿಗೆ ಔಷಧ ಮಾತ್ರ. ಮೂರು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದಾಗ ಸಾವಿನಲ್ಲಾಗಲೀ ಹೃದಯಾಘಾತದಲ್ಲಾಗಲೀ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಎದೆನೋವು ಇದ್ದವರಿಗೆ ನೋವು ಕಡಿಮೆಯಾಯಿತು, ಅದು ಸಣ್ಣ ಲಾಭವಲ್ಲ. ಎಡ ಮುಖ್ಯನಾಳದ ಕಾಯಿಲೆ ಇದ್ದವರನ್ನು ಈ ಅಧ್ಯಯನ ಸೇರಿಸಿಕೊಂಡಿರಲಿಲ್ಲ ಎಂಬುದನ್ನೂ ಹೇಳಬೇಕು. ಅಂಥವರ ವಿಚಾರ ಬೇರೆ.

ಇದು ಏಕೆ ಹೀಗೆ? ಬ್ಲಾಕಿನ ಶೇಕಡಾವಾರು ಅಂಕಿ ನಮಗೆ ಹೇಳುವುದು ನಾಳದ ಒಳದಾರಿ ಎಷ್ಟು ಕಿರಿದಾಗಿದೆ ಎಂಬುದನ್ನು ಮಾತ್ರ. ಗೋಡೆಯ ಒಳಗೇನಾಗುತ್ತಿದೆ ಎಂಬುದನ್ನಲ್ಲ. ಕೊಬ್ಬು ತುಂಬಿದ ಗೋಡೆ ಮೊದಮೊದಲು ಹೊರಕ್ಕೆ ಊದಿಕೊಳ್ಳುತ್ತದೆ ಎಂದು 1987ರಲ್ಲಿ ಶಿಕಾಗೊದ ಗ್ಲಾಗೊವ್ ಮತ್ತವರ ಸಂಗಡಿಗರು ತೋರಿಸಿದ್ದರು. ಒಳದಾರಿ ಅಗಲವಾಗಿಯೇ ಇರುತ್ತದೆ, ಆಂಜಿಯೊಗ್ರಾಂ ಚೆನ್ನಾಗಿಯೇ ಕಾಣುತ್ತದೆ, ಗೋಡೆಯಲ್ಲಿ ಕಾಯಿಲೆ ಬೆಳೆದಿರುತ್ತದೆ. ಬಹಳಷ್ಟು ಹೃದಯಾಘಾತಗಳು ಆಗುವುದು ಇಂಥ ಮಿತವಾದ ಉಬ್ಬಿನ ತೆಳುವಾದ ಮುಚ್ಚಳ ಬಿರಿದು, ಬಿರಿದಲ್ಲಿ ರಕ್ತ ಹೆಪ್ಪುಗಟ್ಟಿ, ಕೆಲವೇ ನಿಮಿಷಗಳಲ್ಲಿ ದಾರಿ ಮುಚ್ಚಿದಾಗ. ಸ್ಟೆಂಟ್ ಒಂದು ಜಾಗವನ್ನು ಕಾಯುತ್ತದೆ. ಕೊಲೆಸ್ಟರಾಲ್ ಮತ್ತು ರಕ್ತದೊತ್ತಡದ ಮಾತ್ರೆಗಳು ನಾಳದ ಉದ್ದಕ್ಕೂ ಕಾಯುತ್ತವೆ. ಆ ನಿವೃತ್ತ ಅಧಿಕಾರಿ ಬಿಟ್ಟದ್ದು ಎರಡನೆಯದನ್ನು.

2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟುಗಳಿಗೆ ಬೆಲೆಯ ಮಿತಿ ಹಾಕಿತು. ಲಕ್ಷ ರೂಪಾಯಿ ಮೀರಿ ಮಾರುತ್ತಿದ್ದ ಔಷಧಲೇಪಿತ ಸ್ಟೆಂಟಿಗೆ ಅಂದು ನಿಗದಿಯಾದ ಗರಿಷ್ಠ ದರ ₹29,600. ಅದು ಅಗತ್ಯವಾಗಿದ್ದ ಕ್ರಮ, ಸ್ವಾಗತಾರ್ಹ ಕ್ರಮ. ಆದರೆ ಸ್ಟೆಂಟಿನ ಬೆಲೆಯ ಬಗ್ಗೆ ಅಷ್ಟು ಚರ್ಚಿಸಿದ ನಾವು, ಅದು ಯಾರಿಗೆ ಬೇಕು, ಯಾವಾಗ ಬೇಕು ಎಂಬುದನ್ನು ಅಷ್ಟೇ ಗಟ್ಟಿಯಾಗಿ ಕೇಳಲಿಲ್ಲ. ನೋವಿಲ್ಲದ, ಸ್ಥಿರವಾದ ರೋಗಿ ಮೇಜಿನ ಮೇಲೆ ಮಲಗಿರುವಾಗ ಮನೆಯವರಿಂದ ಅರ್ಧ ಗಂಟೆಯಲ್ಲಿ ಒಪ್ಪಿಗೆ ಪಡೆಯುವುದನ್ನು ಒಪ್ಪಿಗೆ ಎನ್ನಬಹುದೇ? ಅಂಥ ರೋಗಿಯನ್ನು ಕೆಳಗಿಳಿಸಿ, ಚಿತ್ರ ತೋರಿಸಿ, ಎರಡನೆಯ ಅಭಿಪ್ರಾಯಕ್ಕೆ ಒಂದು ವಾರ ಕೊಡಬೇಕು ಎಂಬ ನಿಯಮವನ್ನು ವೈದ್ಯಕೀಯ ಮಂಡಳಿಗಳು ಮಾಡುವುದು ಕಷ್ಟವೇನಲ್ಲ. ವೃತ್ತಿಬಂಧುಗಳಲ್ಲಿ ಕೆಲವರಿಗೆ ಈ ಮಾತು ಹಿಡಿಸದು ಎಂದು ಬಲ್ಲೆ. ಹೀಗೆ ನಡೆದುಕೊಳ್ಳುವ ಹೃದ್ರೋಗ ತಜ್ಞರೂ ಬಹಳ ಮಂದಿ ಇದ್ದಾರೆ, ಅವರಲ್ಲಿ ನನ್ನ ಶಿಷ್ಯರೂ ಇದ್ದಾರೆ.

ಅವಸರ ಬೇಕಾಗಿರುವುದು ಬೇರೆ ಕಡೆ. ನಾಳ ಮುಚ್ಚಿಕೊಂಡ ಕ್ಷಣದಿಂದ ಹೃದಯದ ಸ್ನಾಯು ಸಾಯಲು ತೊಡಗುತ್ತದೆ. ಸಕಲೇಶಪುರದ ಒಂದು ಹಳ್ಳಿಯಿಂದ ಬೆಂಗಳೂರಿನ ಆಂಜಿಯೊಪ್ಲಾಸ್ಟಿ ಮೇಜಿಗೆ ಎರಡು ಗಂಟೆಯಲ್ಲಿ ತಲುಪಲಾಗದು. ಹೆಪ್ಪು ಕರಗಿಸುವ ಚುಚ್ಚುಮದ್ದು ಇರುವುದು ಇಂಥವರಿಗಾಗಿಯೇ. ರಾಜ್ಯ ಸರ್ಕಾರ ಪುನೀತ್ ಹೆಸರಿನಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯ ತಿರುಳು ಇದು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳುಹಿಸುವುದು, ಅವರು ಹೌದೆಂದರೆ ಅಲ್ಲೇ ಉಚಿತವಾಗಿ ಚುಚ್ಚುಮದ್ದು ಕೊಟ್ಟು ಮುಂದಕ್ಕೆ ಸಾಗಿಸುವುದು. ಸರ್ಕಾರದ ಯೋಜನೆಗಳಲ್ಲಿ ಅಂಗಕ್ರಿಯಾ ವಿಜ್ಞಾನವನ್ನು ಇಷ್ಟು ಸರಿಯಾಗಿ ಅರ್ಥಮಾಡಿಕೊಂಡದ್ದು ಅಪರೂಪ. ಇದರ ಫಲ ದೊರೆಯಬೇಕಾದರೆ ರಾತ್ರಿ ಎರಡು ಗಂಟೆಗೂ ಇಸಿಜಿ ತೆಗೆಯುವವರು ಇರಬೇಕು, ಚುಚ್ಚುಮದ್ದು ದಾಸ್ತಾನಿನಲ್ಲಿರಬೇಕು. ಎದೆಯುರಿಯನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಬೆಳಗಾಗಲಿ ಎಂದು ಕಾಯುವ ನಮ್ಮ ಅಭ್ಯಾಸವೂ ಬಿಡಬೇಕು. ನಮ್ಮ ಶಾಸಕರನ್ನು ಕೇಳಬೇಕಾದದ್ದು ಇವು. ಪ್ರತಿ ಜಿಲ್ಲೆಗೊಂದು ಜಯದೇವ ಎಂಬ ಬೇಡಿಕೆ ಕೇಳಲು ಚೆನ್ನ, ಆದರೆ ಆ ರಾತ್ರಿಗೆ ಒದಗುವುದು ತಾಲ್ಲೂಕು ಆಸ್ಪತ್ರೆಯೇ.

ಅದಕ್ಕೂ ಹಿಂದಿನ ಹತ್ತಿಪ್ಪತ್ತು ವರ್ಷಗಳದ್ದು ಇನ್ನೂ ಸರಳ ಕೆಲಸ. ಇಟಲಿಯ ರೀವಾ ರೋಚಿ ತೋಳಿಗೆ ಸುತ್ತುವ ಪಟ್ಟಿಯನ್ನು ಮಾಡಿದ್ದು 1896ರಲ್ಲಿ, ರಷ್ಯಾದ ಕೊರೊಟ್ಕೊವ್ ಸ್ಟೆತಸ್ಕೋಪಿನಿಂದ ಆಲಿಸಿ ಎರಡು ಅಂಕಿಗಳನ್ನು ಹೇಳುವ ಕ್ರಮ ತಂದದ್ದು 1905ರಲ್ಲಿ. ನೂರು ವರ್ಷಕ್ಕೂ ಹಳೆಯದಾದ, ನೋವಿಲ್ಲದ, ಎರಡು ನಿಮಿಷದ ಈ ಪರೀಕ್ಷೆ ನಾಳದ ಗೋಡೆಯ ಮೇಲೆ ಬೀಳುತ್ತಿರುವ ಹೊರೆಯನ್ನು ನೇರವಾಗಿ ಅಳೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇ 24, ಹೆಂಗಸರಲ್ಲಿ ಶೇ 21 ಮಂದಿಗೆ ರಕ್ತದೊತ್ತಡ ಏರಿದೆ ಅಥವಾ ಅವರು ಅದಕ್ಕೆ ಮಾತ್ರೆ ನುಂಗುತ್ತಿದ್ದಾರೆ. ಪ್ಯಾಕೇಜ್ ತಪಾಸಣೆಗೆ ಸಾವಿರಾರು ರೂಪಾಯಿ ಕೊಡುವ ಮನೆಗಳಲ್ಲಿ ಕೂಡ ತಿಂಗಳಿಗೊಮ್ಮೆ ಈ ಅಂಕಿಯನ್ನು ಬರೆದಿಡುವವರು ಎಷ್ಟು ಮಂದಿ? ಉಪ್ಪಿನ ವಿಚಾರವಂತೂ ಹೇಳುವುದೇ ಬೇಡ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಮೀರಬೇಡಿ ಎನ್ನುತ್ತದೆ, ಅಂದರೆ ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರಾ ಬಿಸ್ಕತ್ತುಗಳ ನಾಡಿನಲ್ಲಿ ಆ ಚಮಚ ಮಧ್ಯಾಹ್ನದ ಊಟಕ್ಕೇ ಮುಗಿದಿರುತ್ತದೆ.

ಆ ನಿವೃತ್ತ ಅಧಿಕಾರಿ ಮತ್ತೆ ವೈದ್ಯರಲ್ಲಿಗೆ ಹೋಗಿ ಮಾತ್ರೆಗಳನ್ನು ಆರಂಭಿಸಿದ್ದಾರೆ. ಬ್ಯಾಂಕಿನ ಹಳೆಯ ಶಿಸ್ತು ಎಲ್ಲಿ ಹೋಗುತ್ತದೆ? ಉದ್ದನೆಯ ರೂಲುಪಟ್ಟಿಯ ಪುಸ್ತಕದಲ್ಲಿ ದಿನಾಂಕ, ಸಮಯ, ಎರಡು ಅಂಕಿ ಬರೆದು ತಿಂಗಳಿಗೊಮ್ಮೆ ತಂದು ತೋರಿಸುತ್ತಾರೆ. ಕಳೆದ ವಾರದ ಸಾಲಿನಲ್ಲಿ 134/84 ಇತ್ತು. ನಡುವೆ ಮೂರು ದಿನ ಅಂಕಿ ಮೇಲಕ್ಕೆ ಹೋಗಿತ್ತು. ಏನಾಯಿತೆಂದು ಕೇಳಿದೆ. ಮಗಳ ಮನೆಯಿಂದ ಮಿಡಿ ಉಪ್ಪಿನಕಾಯಿ ಬಂದಿತ್ತಂತೆ.